ಈದ ಮೊದಲ ಗಂಟೆ: ಬಿಸಿಲ ಸೀಮೆಯಲ್ಲಿ ಹಂದಿಮರಿಗೆ ಚಳಿ ತಾಗದ ಹಾಗೆ ನೋಡಿಕೊಳ್ಳುವುದು

ನಮ್ಮ ಹಂದಿ ಶೆಡ್ಡಿನಲ್ಲಿ ಎರಡು ಥರ್ಮಾಮೀಟರ್ ಇವೆ. ಒಂದು ಗೋಡೆಯ ಮೇಲೆ, ತಾಯಿ ಹಂದಿ ನಿಂತಾಗ ಅದರ ತಲೆ ಬರುವ ಎತ್ತರಕ್ಕೆ. ಇನ್ನೊಂದು ಮೂಲೆಯ ಮರಿ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕು ಬೆರಳು ಮೇಲೆ. ಹಂದಿ ಈಯುವ ರಾತ್ರಿ ಮೊದಲನೆಯದು 20 ಡಿಗ್ರಿ ಆಸುಪಾಸು ತೋರಿಸಬೇಕು, ಎರಡನೆಯದು 34. ಎರಡರ ನಡುವೆ ಇರುವುದು ಮೂರೇ ಅಡಿ. ಆ ಮೂರಡಿಯಲ್ಲಿ 14 ಡಿಗ್ರಿ ವ್ಯತ್ಯಾಸ ಮಾಡಿಕೊಡುವುದೇ ನಮ್ಮ ಕೆಲಸ. ಮೇವು, ಔಷಧ, ತಳಿ ಎಲ್ಲ ಆಮೇಲೆ.

ನಮ್ಮದು ಚಿತ್ರದುರ್ಗ ಜಿಲ್ಲೆ, ಹೊಳಲ್ಕೆರೆ ತಾಲ್ಲೂಕಿನ ಒಂದು ಸಣ್ಣ ಊರು. ಆರು ತಾಯಿ ಹಂದಿಗಳಿವೆ. ನಾಲ್ಕು ಲಾರ್ಜ್ ವೈಟ್ ಯಾರ್ಕ್‌ಶೈರ್ ಅನ್ನುವ ಬಿಳಿ ತಳಿ, ಎರಡಕ್ಕೆ ಲ್ಯಾಂಡ್ರೇಸ್ ತಳಿಯ ಬೆರಕೆ. ಒಂಬತ್ತು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ನಮ್ಮತ್ತೆ ಅದಕ್ಕೂ ಎಷ್ಟೋ ಮೊದಲಿನಿಂದ ಕಪ್ಪು ನಾಟಿ ಹಂದಿ ಸಾಕಿದ್ದವರು. ಹೊಸದಾಗಿ ಹಂದಿ ಸಾಕಬೇಕು ಅಂತ ದಾವಣಗೆರೆ ಕಡೆಯಿಂದ, ಹಿರಿಯೂರು ಕಡೆಯಿಂದ ಹುಡುಗರು ನೋಡಲು ಬರುತ್ತಾರೆ. ಎಲ್ಲರೂ ಕೇಳುವ ಮಾತು ಒಂದೇ: "ಅಕ್ಕಾ, ನಮ್ಮದು ಬಿಸಿಲ ಸೀಮೆ. ಇಲ್ಲಿ ಮರಿ ಬೆಚ್ಚಗಿಡೋಕೆ ಬಲ್ಬ್ ಯಾಕೆ?" ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನಾನೂ ಹಾಗೇ ಅಂದುಕೊಂಡಿದ್ದೆ. ಪುಷ್ಯ ಮಾಸ. ನಮ್ಮ ಮೊದಲ ಹಂದಿ ರಾತ್ರಿ ಹನ್ನೊಂದು ಮರಿ ಹಾಕಿತು. ಖುಷಿಯಲ್ಲಿ ಎಣಿಸಿ, ಬಾಗಿಲು ಹಾಕಿಕೊಂಡು ಬಂದು ಮಲಗಿದೆವು. ಬೆಳಿಗ್ಗೆ ನೋಡಿದರೆ ಎರಡು ಮರಿ ತಾಯಿಯ ಮೈ ಕೆಳಗೆ ಸಿಕ್ಕಿ ಸತ್ತಿದ್ದವು. ಮಾರನೇ ದಿನ ಇನ್ನೆರಡು. ಮೂರನೇ ದಿನ ಇನ್ನೊಂದು, ಅದೂ ತಾಯಿಯ ತೊಡೆ ಪಕ್ಕದಲ್ಲೇ. ನನಗೆ ಹಂದಿಯ ಮೇಲೆ ಕೆಟ್ಟ ಸಿಟ್ಟು ಬಂತು. ಇದಕ್ಕೆ ಮರಿ ನೋಡಿಕೊಳ್ಳೋಕೆ ಬರಲ್ಲ, ಮಾರಿಬಿಡೋಣ ಅಂತ ಮನೆಯವರ ಹತ್ತಿರ ಜಗಳ ಮಾಡಿದೆ.

ಆಗ ಅತ್ತೆ ಬಂದರು. ಹಕ್ಕೆಯಲ್ಲಿ ಒಂದು ಮರಿ ಬೇರೆಯಾಗಿ ಮುದುರಿಕೊಂಡಿತ್ತು. ಎತ್ತಿಕೊಂಡರು. ಕಿರುಬೆರಳನ್ನು ಅದರ ಬಾಯೊಳಗೆ ಇಟ್ಟರು. ಆಮೇಲೆ ನನ್ನ ಕೈ ಹಿಡಿದು ನನ್ನ ಬೆರಳನ್ನೂ ಇಡಿಸಿದರು. ಬೆಳಗಿನ ಹೊತ್ತು ಮಡಕೆ ನೀರಿಗೆ ಬೆರಳು ಅದ್ದಿದ ಹಾಗಿತ್ತು. "ಹಂದಿ ತುಳಿದು ಸತ್ತವು ಅಂತೀಯಲ್ಲ, ಅವು ಮೊದ್ಲೇ ಅರ್ಧ ಹೋಗಿದ್ವು ಕಣೆ. ಚಳಿ ತಡೀಲಾರದೆ ತಾಯಿ ಹೊಟ್ಟೆ ಕೆಳಗೆ ನುಗ್ಗೈತೆ. ಅದು ಮಗ್ಗುಲು ಬದಲಿಸಿದಾಗ ಎದ್ದು ಓಡೋಕೆ ಕಸುವಿರಲಿಲ್ಲ" ಅಂದರು. ಆ ಹಂದಿಯನ್ನು ಮಾರಲಿಲ್ಲ. ಅದೇ ಹಂದಿ ಮುಂದಿನ ಸಲ ಹನ್ನೆರಡು ಹಾಕಿ, ಹನ್ನೊಂದನ್ನು ಹಾಲು ಬಿಡಿಸುವ ತನಕ ಸಾಕಿತು. ಬದಲಾಗಿದ್ದು ಹಂದಿಯಲ್ಲ, ಮೂಲೆಯಲ್ಲಿ ಒಂದು ಪೆಟ್ಟಿಗೆ ಬಂದಿತ್ತು ಅಷ್ಟೆ.

ಮರಿಯ ಮೈಯಲ್ಲಿ ಏನು ನಡೆಯುತ್ತದೆ

ತಾಯಿ ಹೊಟ್ಟೆಯೊಳಗೆ ಮರಿ ಸುಮಾರು 39 ಡಿಗ್ರಿ ಬಿಸಿಯಲ್ಲಿ ಇರುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 15 ಡಿಗ್ರಿ ಆಸುಪಾಸು ಇರುತ್ತದೆ. ಅಂದರೆ ಮರಿ ಒಂದೇ ಏಟಿಗೆ 24 ಡಿಗ್ರಿ ಕೆಳಗೆ ಬಂದು ಬೀಳುತ್ತದೆ. ಅದೂ ಮೈಯೆಲ್ಲ ಒದ್ದೆಯಾಗಿ. ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲಿ ಗಾಳಿಗೆ ನಿಂತರೆ ಹೇಗಿರುತ್ತೆ ಅಂತ ನೆನಪು ಮಾಡಿಕೊಳ್ಳಿ. ಮೈಮೇಲಿನ ನೀರು ಆರುವಾಗ ಮೈಯ ಬಿಸಿಯನ್ನೇ ತೆಗೆದುಕೊಂಡು ಆರುತ್ತದೆ.

ಹುಟ್ಟಿದ ಅರ್ಧ ಗಂಟೆಯಲ್ಲಿ ಮರಿಯ ಮೈಬಿಸಿ ಎರಡು ಡಿಗ್ರಿ ಇಳಿಯುವುದು ಸಾಮಾನ್ಯ. ಜಾಗ ತಣ್ಣಗಿದ್ದು ಮರಿ ಸಣ್ಣದಾಗಿದ್ದರೆ ಇನ್ನೂ ಜಾಸ್ತಿ ಇಳಿಯುತ್ತದೆ. ಗಟ್ಟಿ ಮರಿ ಹಾಲು ಕುಡಿದು ಒಂದೆರಡು ದಿನದಲ್ಲಿ ಮತ್ತೆ 39ಕ್ಕೆ ಏರಿಕೊಳ್ಳುತ್ತದೆ. ಏರಿಕೊಳ್ಳದ ಮರಿಯೇ ನಾವು ಕಳೆದುಕೊಳ್ಳುವ ಮರಿ.

ಕರು, ಕುರಿಮರಿ, ನಮ್ಮ ಮನೆ ಕೂಸು, ಇವೆಲ್ಲ ಹುಟ್ಟುವಾಗಲೇ ಮೈಯೊಳಗೆ ಒಂದು ಬಗೆಯ ಕಂದು ಕೊಬ್ಬು ಇಟ್ಟುಕೊಂಡು ಬರುತ್ತವೆ. ಚಳಿಯಾದಾಗ ಆ ಕೊಬ್ಬು ಉರಿದು, ನಡುಗದೆಯೇ ಬಿಸಿ ಕೊಡುತ್ತದೆ. ಹಂದಿಮರಿಗೆ ಅದು ಇಲ್ಲ. ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಹಂದಿಯ ವಂಶ ಆ ಶಕ್ತಿಯನ್ನು ಕಳೆದುಕೊಂಡಿದೆ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ದೊಡ್ಡ ಹಂದಿಯ ಕೊಬ್ಬು ನೋಡಿದವರಿಗೆ ಇದು ನಂಬಲು ಕಷ್ಟ. ಆದರೆ ಹುಟ್ಟಿದ ಮರಿಯಲ್ಲಿ ಒಟ್ಟು ಕೊಬ್ಬು ಅದರ ತೂಕದ ನೂರರಲ್ಲಿ ಒಂದೆರಡು ಪಾಲು ಮಾತ್ರ. ಮೈಮೇಲೆ ರೋಮವೂ ಇಲ್ಲದಷ್ಟು ತೆಳು. ಕುರಿ ಸಾಕಿ ಅಭ್ಯಾಸ ಇರುವ ನಮ್ಮ ಜಿಲ್ಲೆಯವರು ಎಡವುವುದು ಇಲ್ಲೇ. ಕುರಿಮರಿಯನ್ನು ತಾಯಿ ನೆಕ್ಕಿ ಒಣಗಿಸುತ್ತದೆ, ಅದು ಉಣ್ಣೆ ಹೊದ್ದು ಹುಟ್ಟುತ್ತದೆ. ಹಂದಿ ತನ್ನ ಮರಿಯನ್ನು ನೆಕ್ಕುವುದಿಲ್ಲ. ಬರಿಮೈಯ ಮರಿ ಒದ್ದೆಯಾಗೇ ಎದ್ದು ಮೊಲೆ ಹುಡುಕಿಕೊಂಡು ಹೋಗಬೇಕು.

ಬಿಸಿಗೆ ಅದಕ್ಕಿರುವ ದಾರಿ ನಡುಗುವುದು ಒಂದೇ. ನಡುಗಲು ಸೌದೆ ಬೇಕಲ್ಲ, ಅದು ಲಿವರ್ ಮತ್ತು ಮಾಂಸಖಂಡದಲ್ಲಿ ಕೂಡಿಟ್ಟ ಸಕ್ಕರೆ. ಹಾಲು ಸಿಗದಿದ್ದರೆ ಆ ಸಕ್ಕರೆ ಒಂದು ದಿನವೂ ಬಾಳುವುದಿಲ್ಲ. ಚಳಿಯಲ್ಲಿ ಇನ್ನೂ ಬೇಗ ಮುಗಿಯುತ್ತದೆ. ಸಕ್ಕರೆ ಮುಗಿದ ಮರಿ ನಡುಗುವುದನ್ನೂ ನಿಲ್ಲಿಸುತ್ತದೆ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ನಡುಗುವ ಮರಿ ಇನ್ನೂ ಹೋರಾಡುತ್ತಿದೆ. ನಡುಗದೆ ಸುಮ್ಮನೆ ಬಿದ್ದಿರುವ ತಣ್ಣನೆಯ ಮರಿಗೆ ಉಳಿದಿರುವ ಸಮಯ ಬಹಳ ಕಡಿಮೆ.

ಹುಟ್ಟಿದ ಮರಿ ಆರಾಮಾಗಿರಲು ಸುತ್ತಲಿನ ಹವೆ 34 ಡಿಗ್ರಿಯಾದರೂ ಇರಬೇಕು. ಅದಕ್ಕಿಂತ ಕೆಳಗೆ ಎಷ್ಟೇ ಇದ್ದರೂ ಅದಕ್ಕೆ ಚಳಿಯೇ. ಈಗ ನಮ್ಮ ಬಿಸಿಲ ಸೀಮೆಯ ಲೆಕ್ಕ ಹಾಕಿ. ಬೇಸಿಗೆಯ ಮಧ್ಯಾಹ್ನ ಬಿಟ್ಟರೆ ವರ್ಷದ ಬೇರೆ ಯಾವ ಹೊತ್ತಲ್ಲಿ ಇಲ್ಲಿ 34 ಇರುತ್ತದೆ? ಏಪ್ರಿಲ್ ತಿಂಗಳಲ್ಲೂ ರಾತ್ರಿ ಮೂರು ಗಂಟೆಗೆ ನಾವು ಅಂಗಳದಲ್ಲಿ ಚಾದರ ಎಳೆದುಕೊಳ್ಳುತ್ತೇವೆ, ಅಲ್ವಾ? ನಮ್ಮ ಹಂದಿಗಳು ಹೆಚ್ಚಾಗಿ ಈಯುವುದು ಅಂಥ ಹೊತ್ತಲ್ಲೇ.

ತಾಯಿಯ ಕಥೆ ಪೂರ್ತಿ ಉಲ್ಟಾ. ಅದಕ್ಕೆ 18ರಿಂದ 22 ಡಿಗ್ರಿ ಹಿತ. 25 ದಾಟಿದರೆ ತೇಕಲು ಶುರು ಮಾಡುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಹಾಗಾಗಿ ಇಡೀ ಶೆಡ್ಡನ್ನು ಬಿಸಿ ಮಾಡಿದರೆ ಮರಿ ಉಳಿಯುತ್ತೆ ಅಂತ ಯೋಚಿಸಬೇಡಿ. ಮರಿಗೆ ಮರಿಯದೇ ಜಾಗ ಬೇಕು.

ಹಾಲಿಗೂ ಬಿಸಿಗೂ ಇರುವ ಗಂಟು

ಗಿಣ್ಣು ಹಾಲು ಮರಿಗೆ ಊಟವೂ ಹೌದು, ಸೌದೆಯೂ ಹೌದು, ರೋಗ ತಡೆಯುವ ಔಷಧವೂ ಹೌದು. ತಾಯಿಯ ರಕ್ತದಲ್ಲಿರುವ ರೋಗ ತಡೆಯುವ ಶಕ್ತಿ ಹೊಟ್ಟೆಯೊಳಗಿರುವಾಗ ಹಂದಿಮರಿಗೆ ದಾಟುವುದಿಲ್ಲ. ಗಿಣ್ಣು ಹಾಲಿನಲ್ಲೇ ಸಿಗಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಸುಮಾರು 24 ಗಂಟೆಯಲ್ಲಿ ಮುಚ್ಚಿಕೊಳ್ಳುತ್ತದೆ. ಮೊದಲ ಆರು ಗಂಟೆಯಲ್ಲಿ ಕುಡಿದದ್ದಕ್ಕೆ ಬೆಲೆ ಜಾಸ್ತಿ. ಮೊದಲ ದಿನ ಒಂದು ಮರಿಗೆ ಹತ್ತಿರ ಹತ್ತಿರ 200ರಿಂದ 250 ಗ್ರಾಂ ಹಾಲು ಬೇಕು.

ತಣ್ಣಗಾದ ಮರಿ ಏನು ಮಾಡುತ್ತದೆ? ನಿಧಾನ ಆಗುತ್ತದೆ. ಮೊಲೆ ಹುಡುಕಲು ಹೊತ್ತು ಹಿಡಿಯುತ್ತದೆ. ಹುಡುಕಿದರೂ ಅಣ್ಣ ತಮ್ಮಂದಿರ ಜೊತೆ ತಳ್ಳಾಡಲು ಆಗಲ್ಲ. ಹಾಲು ಕಡಿಮೆ ಸಿಕ್ಕಿತು, ಅದಕ್ಕೆ ಇನ್ನಷ್ಟು ತಣ್ಣಗಾಯಿತು. ಶೆಡ್ಡಿನಲ್ಲಿ ಬೆಚ್ಚಗಿರುವುದು ತಾಯಿ ಹೊಟ್ಟೆ ಒಂದೇ, ಅಲ್ಲಿಗೇ ಹೋಗಿ ಅಂಟಿಕೊಂಡಿತು. ತಾಯಿ ಇನ್ನೂರು ಕಿಲೋ, ಅದು ಮಗ್ಗುಲಾಯಿತು. ನಮ್ಮ ಪುಸ್ತಕದಲ್ಲಿ ನಾವು "ತುಳಿದು ಸತ್ತಿತು" ಅಂತ ಬರೆದುಕೊಂಡೆವು.

ಪಶು ಡಾಕ್ಟರು ನನಗೆ ಇದನ್ನು ಬಿಡಿಸಿ ಹೇಳಿದ ದಿನದಿಂದ ನಮ್ಮ ಪುಸ್ತಕದಲ್ಲಿ ಸತ್ತ ಮರಿಯ ಮುಂದೆ ಇನ್ನೊಂದು ಕಾಲಂ ಹಾಕಿದ್ದೇನೆ: ಹೊಟ್ಟೆಯಲ್ಲಿ ಹಾಲಿತ್ತಾ, ಇಲ್ಲವಾ. ಬಹಳ ಸಲ ಇರುವುದಿಲ್ಲ.

ಹಕ್ಕೆ ಮತ್ತು ಪೆಟ್ಟಿಗೆ

ಹಂದಿ ಗಬ್ಬದ ಲೆಕ್ಕ ಎಲ್ಲರಿಗೂ ಗೊತ್ತು: 3 ತಿಂಗಳು, 3 ವಾರ, 3 ದಿನ. ಒಟ್ಟು 114 ದಿನ. ನಾನು 110ನೇ ದಿನಕ್ಕೇ ಎಲ್ಲ ಸಿದ್ಧ ಮಾಡುತ್ತೇನೆ. ಎರಡು ದಿನ ಮುಂಚೆಯೇ ಈಯುವ ಹಂದಿಗಳೂ ಇವೆ.

ಮೊದಲು ನೆಲ. ನಮ್ಮ ಹಳೇ ಶೆಡ್ಡಿಗೆ ಚಪ್ಪಡಿ ಕಲ್ಲು ಹಾಸಿತ್ತು. ದುರ್ಗದ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಜನವರಿಯಲ್ಲಿ ಬೆಳಿಗ್ಗೆ ಐದಕ್ಕೆ ಆ ಚಪ್ಪಡಿ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಎರಡು ನಿಮಿಷ ಸಾಕು. ಮರಿ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗಬೇಕು. ಒದ್ದೆ ಕಲ್ಲು, ಒದ್ದೆ ಸಿಮೆಂಟು ಇನ್ನೂ ಕೆಟ್ಟದ್ದು. ಥರ್ಮಾಮೀಟರ್ ತೋರಿಸುವುದಕ್ಕಿಂತ ಐದರಿಂದ ಹತ್ತು ಡಿಗ್ರಿ ಕಡಿಮೆ ಇದ್ದ ಹಾಗೆ ಮರಿಗೆ ಅನಿಸುತ್ತದೆ. ದಪ್ಪಗೆ ಒಣ ಹುಲ್ಲು ಹಾಕಿದರೆ ನಾಲ್ಕು ಡಿಗ್ರಿ ಜಾಸ್ತಿ ಇದ್ದ ಹಾಗೆ. ಕಾಸು ಖರ್ಚಿಲ್ಲದೆ ಸಿಗುವ ಬಿಸಿ ಅದು.

ನಾನು ಹಾಕುವುದು ರಾಗಿ ಹುಲ್ಲು, ಗೇಣುದ್ದ ಕತ್ತರಿಸಿ. ಭತ್ತದ ಹುಲ್ಲೂ ಆಗುತ್ತದೆ. ತೀರಾ ಉದ್ದ ಬಿಟ್ಟರೆ ಹುಟ್ಟಿದ ಮರಿ ಕಾಲು ಸಿಕ್ಕಿಸಿಕೊಳ್ಳುತ್ತದೆ. ಮೆಕ್ಕೆಜೋಳದ ರವದಿ ಪ್ರಯತ್ನ ಮಾಡಿದೆ, ಒರಟು, ನೀರನ್ನೂ ಹೀರಲ್ಲ. ಶೇಂಗಾ ಹೊಟ್ಟು ಪೆಟ್ಟಿಗೆಯ ತಳಕ್ಕೆ ಚೆನ್ನಾಗಿದೆ, ಅದರ ಮೇಲೆ ಗೋಣಿತಟ್ಟು ಹಾಸಿಬಿಡುತ್ತೇನೆ. ಯಾವುದೇ ಆದರೂ ಬೂಸ್ಲು ಹಿಡಿದಿರಬಾರದು. ಹಿಂದಿನ ದಿನ ಬಿಸಿಲಿಗೆ ಬಂಡೆ ಮೇಲೆ ಹರಡಿ, ಮುರಿದರೆ ಚಟ್ ಅನ್ನುವಷ್ಟು ಒಣಗಿಸಿ.

ತಾಯಿಗೂ ಒಂದು ಹೊರೆ ಹುಲ್ಲು ಕೊಡಿ. ನಾಟಿ ಹಂದಿ ಈಯುವ ಮುಂಚೆ ಬೇಲಿ ಸಾಲಿಗೆ ಹೋಗಿ, ಹುಲ್ಲು ಕಡ್ಡಿ ಬಾಯಲ್ಲಿ ಹೊತ್ತು ತಂದು ಗುಡ್ಡೆ ಹಾಕಿ ಗೂಡು ಮಾಡಿಕೊಳ್ಳುತ್ತಿತ್ತಂತೆ. ಆ ಗೂಡಿನೊಳಗೆ ಕೈ ಇಟ್ಟರೆ ಮಾಗಿ ಚಳಿಯಲ್ಲೂ ಬೆಚ್ಚಗಿರುತ್ತಿತ್ತು ಅಂತ ಅತ್ತೆ ಹೇಳುತ್ತಾರೆ. ನಮ್ಮ ಬಿಳಿ ಹಂದಿಗೂ ಅದೇ ಆಸೆ ಇದೆ. ಸಿಮೆಂಟು ನೆಲವನ್ನೇ ಕಾಲಲ್ಲಿ ಕೆರೆಯುತ್ತದೆ, ಪಾಪ. ಹುಲ್ಲು ಕೊಟ್ಟರೆ ಬಾಯಲ್ಲಿ ಎತ್ತಿ ಎತ್ತಿ ಹಾಕಿಕೊಳ್ಳುತ್ತದೆ. ಹಾಗೆ ಶುರು ಮಾಡಿತು ಅಂದರೆ ಒಂದು ದಿನದೊಳಗೆ ಈಯುತ್ತದೆ. ಮೊಲೆ ತೊಟ್ಟು ಒತ್ತಿದಾಗ ಹಾಲು ಸುಲಭವಾಗಿ ಚಿಮ್ಮಿದರೆ ಆ ರಾತ್ರಿ ಹಾಸಿಗೆ ಆಸೆ ಬಿಡಿ.

ಪೆಟ್ಟಿಗೆ ಮಾಡಿಸಲು ದುಡ್ಡು ಹಾಕಬೇಕಿಲ್ಲ. ನಮ್ಮದು ಅಡಿಕೆ ದಬ್ಬೆಯದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ, ಒಂದು ಹಂದಿಯ ಮರಿಗಳಿಗೆ ಸಾಕು. ದಬ್ಬೆ ಸಂದಿಯಲ್ಲಿ ಗಾಳಿ ನುಗ್ಗದ ಹಾಗೆ ಒಳಗಡೆ ಗೋಣಿಚೀಲ ಹೊಡೆದಿದ್ದೇವೆ. ಮೇಲೆ ಎತ್ತಿ ತೆಗೆಯುವ ಮುಚ್ಚಳ. ಬಿಸಿಗಾಳಿ ಮೇಲಕ್ಕೆ ಹೋಗುತ್ತಲ್ಲ, ಮುಚ್ಚಳ ಇಲ್ಲದ ಪೆಟ್ಟಿಗೆ ಬರೀ ಬೇಲಿ ಇದ್ದ ಹಾಗೆ. ಮುಂದೆ ಒಂದು ಅಡಿ ಅಗಲದ ಕಿಂಡಿ, ಮರಿ ಮಾತ್ರ ನುಗ್ಗುವಷ್ಟು, ಅದಕ್ಕೊಂದು ಗೋಣಿ ಪರದೆ. ಕಿಂಡಿ ಗಾಳಿ ಬರುವ ದಿಕ್ಕಿಗೆ ಇರಬಾರದು. ಶೆಡ್ಡಿನ ಉಳಿದ ಗೋಡೆಗಳ ಉದ್ದಕ್ಕೂ ನೆಲದಿಂದ ಒಂಬತ್ತು ಇಂಚು ಮೇಲೆ, ಗೋಡೆಯಿಂದ ಒಂಬತ್ತು ಇಂಚು ಈಚೆ ಒಂದು ಪೈಪು ಹಾಕಿಸಿ. ತಾಯಿ ಗೋಡೆಗೆ ಒರಗಿ ಕುಸಿದರೂ ಮರಿಗೆ ಆ ಸಂದಿ ಉಳಿಯುತ್ತದೆ.

ಬಲ್ಬು ಕೋಳಿ ಮರಿಗೆ ಹಾಕುತ್ತಾರಲ್ಲ, ಅದೇ ಕೆಂಪು ಇನ್‌ಫ್ರಾರೆಡ್ ಬಲ್ಬು. ಚಳಿಗಾಲಕ್ಕೆ 250 ವ್ಯಾಟ್, ಉಳಿದ ಕಾಲಕ್ಕೆ 175 ಸಾಕು. ಪಿಂಗಾಣಿ ಹೋಲ್ಡರ್ ಹಾಕಿಸಿ, ಪ್ಲಾಸ್ಟಿಕ್ಕಿನದು ಕರಗುತ್ತದೆ. ವೈರಿನಲ್ಲಿ ನೇತುಹಾಕಬೇಡಿ, ಸರಪಳಿಯಲ್ಲಿ ಹಾಕಿ. ಹುಲ್ಲಿನಿಂದ ಒಂದೂವರೆ ಅಡಿಗಿಂತ ಕೆಳಗೆ ಇಳಿಸಲೇಬೇಡಿ, ಸುತ್ತ ತಂತಿ ಬಲೆ ಇರಲಿ. ನೆಲಕ್ಕೆ ಒಣ ಹುಲ್ಲು ಹಾಕಿದ್ದೇವೆ ಅನ್ನುವುದನ್ನು ಮರೆಯಬಾರದು. ತಾಯಿ ಬಾಯಿಗೆ ವೈರು ಸಿಗಬಾರದು. ಈಯುವ ದಿನದ ಹಿಂದಿನ ರಾತ್ರಿಯೇ ಉರಿಸಿ ನೋಡಿ. ನೆಲ ಕಾಯಲು ಹೊತ್ತು ಬೇಕು. ಥರ್ಮಾಮೀಟರನ್ನು ಮರಿ ಮಲಗುವ ಎತ್ತರದಲ್ಲಿ ಇಟ್ಟು ನೋಡಿ, ಗೋಡೆ ಮೇಲಿನದು ಮರಿಯ ಸುದ್ದಿ ಹೇಳಲ್ಲ.

ಈಯುವ ರಾತ್ರಿ

ಎರಡು ಬಲ್ಬ್ ಇದ್ದರೆ ಒಂದನ್ನು ಪೆಟ್ಟಿಗೆಯಲ್ಲಿ, ಇನ್ನೊಂದನ್ನು ತಾಯಿಯ ಹಿಂಬದಿಗೆ, ಮರಿ ಬಂದು ಬೀಳುವ ಜಾಗದ ಮೇಲೆ ಕಟ್ಟಿ. ತಾಯಿಯ ತಲೆಗಾಗಲಿ ಕೆಚ್ಚಲಿಗಾಗಲಿ ಬಿಸಿ ಹೊಡೆಯಬಾರದು. ಈದು ಮುಗಿದ ಮೇಲೆ ಹಿಂದಿನದನ್ನು ತೆಗೆದುಬಿಡಿ.

ನನ್ನ ಪಕ್ಕ ಇರುವುದು ಇಷ್ಟು: ಹಳೇ ಹತ್ತಿ ಪಂಚೆ ಹರಿದು ಮಾಡಿದ ಬಟ್ಟೆ ಒಂದು ಮಂಕರಿ ತುಂಬ, ಅಯೋಡಿನ್, ದಾರ, ಕತ್ತರಿ, ಸೂಜಿ ಇಲ್ಲದ ಸಿರಿಂಜು, ಸ್ಟೀಲ್ ಲೋಟ, ಥರ್ಮಾಸಿನಲ್ಲಿ ಬಿಸಿನೀರು, ಮನುಷ್ಯರಿಗೆ ಇಡುವ ಡಿಜಿಟಲ್ ಥರ್ಮಾಮೀಟರ್, ಅರಿಶಿನದ ಬಟ್ಟಲು.

ಮರಿ ಬಿದ್ದ ತಕ್ಷಣ ಮೂಗು ಬಾಯಿಯ ಲೋಳೆ ತೆಗೆಯಿರಿ. ಆಮೇಲೆ ಒಣ ಬಟ್ಟೆಯಿಂದ ಮೈ ಉಜ್ಜಿ. ಮೆಲ್ಲಗೆ ಸವರುವುದಲ್ಲ, ಉಜ್ಜುವುದು. ಬೆನ್ನು, ಪಕ್ಕೆ, ಹೊಟ್ಟೆ, ಕಿವಿ ಹಿಂದೆ, ತೊಡೆ ಸಂದಿ. ಬಟ್ಟೆ ಒದ್ದೆಯಾದರೆ ಬೇರೆ ತೆಗೆದುಕೊಳ್ಳಿ, ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಏನೂ ಆಗಲ್ಲ. ಒಂದು ಮರಿಗೆ ಒಂದು ನಿಮಿಷ. ಈ ಒಂದು ನಿಮಿಷಕ್ಕಿಂತ ಹೆಚ್ಚು ಮರಿ ಉಳಿಸಿದ ಕೆಲಸ ನಮ್ಮ ಶೆಡ್ಡಿನಲ್ಲಿ ಇನ್ನೊಂದಿಲ್ಲ. ಒಣಗಿಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ನೇರವಾಗಿ ಮೊಲೆಗೆ ಹಚ್ಚಿ. ಈಯುವ ಹೊತ್ತಲ್ಲಿ ಹಾಲು ಸುಮ್ಮನೆ ಒಸರುತ್ತಿರುತ್ತದೆ. ಈದು ಮುಗಿದ ಮೇಲೆ ಹಾಗಲ್ಲ, ಮುಕ್ಕಾಲು ಗಂಟೆಗೊಮ್ಮೆ ಕೆಲವೇ ಸೆಕೆಂಡು ಹಾಲು ಬಿಡುತ್ತದೆ. ಅಷ್ಟರಲ್ಲಿ ನಿಧಾನದ ಮರಿಗೆ ಸಿಗುವುದು ಕಷ್ಟ.

ಹೊಟ್ಟೆ ತುಂಬ ಕುಡಿದ ಮರಿಯ ಬೆನ್ನಿಗೆ ಅರಿಶಿನದ ಬೊಟ್ಟು ಇಡುತ್ತೇನೆ. ಬಿಳಿ ಮೈಗೆ ಚೆನ್ನಾಗಿ ಕಾಣುತ್ತದೆ. ಆರೇಳು ಬೊಟ್ಟಿನವು ಆದ ಮೇಲೆ ಅವನ್ನೆಲ್ಲ ಒಂದು ಗಂಟೆ ಪೆಟ್ಟಿಗೆಗೆ ಹಾಕಿ ಕಿಂಡಿ ಮುಚ್ಚುತ್ತೇನೆ. ಬೊಟ್ಟಿಲ್ಲದ ಸಣ್ಣವಕ್ಕೆ ಆಗ ಜಗಳವಿಲ್ಲದೆ ಮೊಲೆ ಸಿಗುತ್ತದೆ. ಹನ್ನೆರಡು, ಹದಿಮೂರು ಮರಿ ಹಾಕುವ ಹಂದಿಗೆ ಇದು ತುಂಬಾ ಮುಖ್ಯ.

ಒಂದು ಕಿಲೋಗಿಂತ ಕಡಿಮೆ ತೂಗುವ ಮರಿಯ ಮೇಲೆ ಒಂದು ಕಣ್ಣು ಜಾಸ್ತಿ ಇರಲಿ. ಸಣ್ಣ ಲೋಟದ ಚಹಾ ಬೇಗ ಆರುತ್ತೆ, ದೊಡ್ಡ ಪಾತ್ರೆಯದು ನಿಧಾನವಾಗಿ ಆರುತ್ತೆ. ಮರಿಯೂ ಅಷ್ಟೇ. ತೂಕ ಕಡಿಮೆ ಆದಷ್ಟೂ ಮೈ ಬಿಸಿ ಹೊರಗೆ ಹೋಗುವ ಚರ್ಮದ ಪಾಲು ಜಾಸ್ತಿ.

ತಣ್ಣಗಾದ ಮರಿಯನ್ನು ಮರಳಿ ತರುವುದು

ಎರಡು ವರ್ಷದ ಹಿಂದೆ, ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ಒಂಬತ್ತನೇ ಮರಿ ಬಂದಾಗ ನಾನು ನೀರು ತರಲು ಮನೆಗೆ ಹೋಗಿದ್ದೆ. ಹಾಲು ಕಾಯಿಸಿ, ಮಗನಿಗೆ ಏನೋ ಹೇಳಿ ಬರುವಷ್ಟರಲ್ಲಿ ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಮರಿ ತಾಯಿಯ ಹಿಂದೆ, ಹುಲ್ಲು ಸರಿದ ಬರೀ ಸಿಮೆಂಟಿನ ಮೇಲೆ ಬಿದ್ದಿತ್ತು. ತೂಗಿದೆ, 750 ಗ್ರಾಂ. ಕಿವಿ ನೀಲಿಗೆ ತಿರುಗಿತ್ತು. ಬಾಯೊಳಗೆ ಬೆರಳಿಟ್ಟರೆ ಚೀಪಲಿಲ್ಲ. ಥರ್ಮಾಮೀಟರ್ ತುದಿಗೆ ಎಣ್ಣೆ ಸವರಿ ಹಿಂದೆ ಇಟ್ಟೆ. 33.8. ಈ ಥರ್ಮಾಮೀಟರುಗಳು 32ಕ್ಕಿಂತ ಕೆಳಗೆ ನಂಬರ್ ತೋರಿಸುವುದಿಲ್ಲ, ಅದಕ್ಕೆ ಹತ್ತಿರ ಬಂದಿತ್ತು.

ಅಂಥ ಮರಿಗೆ ಮೊದಲು ಹಾಲು ಕುಡಿಸಲು ಹೋಗಬೇಡಿ. ತಣ್ಣಗಿರುವ ಮರಿಗೆ ನುಂಗುವ ಶಕ್ತಿ ಇರುವುದಿಲ್ಲ, ಹಾಲು ಶ್ವಾಸಕ್ಕೆ ಹೋಗುತ್ತದೆ. ಹೊಟ್ಟೆಗೆ ಹೋದರೂ ಕರುಳು ಕೆಲಸ ಮಾಡಲ್ಲ. ಮೊದಲು ಬಿಸಿ, ಆಮೇಲೆ ಹಾಲು.

ಬಕೆಟ್ಟಿಗೆ 39, 40 ಡಿಗ್ರಿಯ ನೀರು ಹಾಕಿದೆ. ಕೂಸಿಗೆ ಎರೆಯುವ ನೀರಿಗೆ ಮೊಣಕೈ ಅದ್ದಿ ನೋಡುತ್ತೇವಲ್ಲ, ಆ ಹದ. ಕುತ್ತಿಗೆ ತನಕ ಮುಳುಗಿಸಿ, ಗದ್ದದ ಕೆಳಗೆ ಎರಡು ಬೆರಳು ಕೊಟ್ಟು ಹಿಡಿದುಕೊಂಡೆ. ಐದು ನಿಮಿಷ ಏನೂ ಇಲ್ಲ. ನೀರು ಆರುತ್ತಿದ್ದ ಹಾಗೆ ಥರ್ಮಾಸಿನಿಂದ ಸ್ವಲ್ಪ ಸ್ವಲ್ಪ ಬೆರೆಸಿದೆ. ಏಳೆಂಟು ನಿಮಿಷಕ್ಕೆ ಹಿಂಗಾಲು ಒಮ್ಮೆ ಒದೆಯಿತು. ಆಮೇಲೆ ನಡುಗಲು ಶುರು ಮಾಡಿತು, ನನ್ನ ಬೆರಳಿಗೆ ಅದರ ದವಡೆ ಗಡಗಡ ತಾಗುತ್ತಿತ್ತು. ಅಷ್ಟು ಖುಷಿ ನನಗೆ ಯಾವ ನಡುಕ ನೋಡಿಯೂ ಆಗಿಲ್ಲ. ಹದಿನೈದು ನಿಮಿಷಕ್ಕೆ ತೆಗೆದು, ಮೂರು ಬಟ್ಟೆ ಬದಲಿಸಿ ಒಂದು ಹನಿ ಒದ್ದೆ ಇಲ್ಲದ ಹಾಗೆ ಒರೆಸಿ, ಬಲ್ಬ್ ಕೆಳಗೆ ಬಿಟ್ಟೆ. ಅಷ್ಟರಲ್ಲಿ ತಾಯಿಯ ಮುಂದಿನ ಮೊಲೆಗಳಿಂದ ಲೋಟಕ್ಕೆ ಗಿಣ್ಣು ಹಾಲು ಹಿಂಡಿಕೊಂಡೆ. 37 ದಾಟಿದ ಮೇಲೆ ಬೆರಳು ಚೀಪಿತು. ಆಗ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಹನಿ ಹನಿಯಾಗಿ ಹತ್ತು ಎಂಎಲ್ ಕುಡಿಸಿದೆ. ಒಂದು ಗಂಟೆ ಬಿಟ್ಟು ಮತ್ತೆ ಹತ್ತು. ಬೆಳಗಾಗುವಷ್ಟರಲ್ಲಿ ತಾನೇ ಮೊಲೆ ಹಿಡಿಯಿತು.

ಎಲ್ಲ ಮರಿಯೂ ಹೀಗೆ ಮರಳಿ ಬರುವುದಿಲ್ಲ. ಅದೇ ತಿಂಗಳು ಇನ್ನೊಂದಕ್ಕೆ ಇಷ್ಟೇ ಮಾಡಿದೆ, ಉಳಿಯಲಿಲ್ಲ. ಹೊಟ್ಟೆಗೆ ನಳಿಕೆ ಹಾಕುವುದು, ಗ್ಲೂಕೋಸ್ ಚುಚ್ಚುವುದು ಡಾಕ್ಟರ ಹತ್ತಿರ ಕಲಿಯದೆ ಮಾಡಬೇಡಿ.

ಕರೆಂಟ್ ಹೋದರೆ

ಹೋಗೇ ಹೋಗುತ್ತದೆ ಅಂತ ಇಟ್ಟುಕೊಂಡೇ ಸಿದ್ಧತೆ ಮಾಡಿ. ಒಂದು ಲೀಟರಿನ ಖಾಲಿ ಬಾಟಲಿಗಳಿಗೆ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಿ, ಬಟ್ಟೆ ಸುತ್ತಿ ಪೆಟ್ಟಿಗೆಯ ಎರಡೂ ಪಕ್ಕ ಇಡಿ. ಒಲೆ ಪಕ್ಕ ಕಾಯಿಸಿದ ಇಟ್ಟಿಗೆಗೆ ಗೋಣಿ ಸುತ್ತಿ ಇಟ್ಟರೂ ಎರಡು ಗಂಟೆ ಬಿಸಿ ಹಿಡಿಯುತ್ತದೆ. ಮುಚ್ಚಳ ಮುಚ್ಚಿ, ಮೇಲೆ ಕಂಬಳಿ ಹಾಕಿ, ಗಾಳಿಗೆ ಒಂದು ಕಡೆ ಸಂದಿ ಬಿಡಿ. ಹತ್ತು ಮರಿ ಒಂದಕ್ಕೊಂದು ಒತ್ತಿ ಮಲಗಿದರೆ ಅವುಗಳ ಮೈಬಿಸಿಯೇ ಪೆಟ್ಟಿಗೆಯನ್ನು ಕಾಯುತ್ತದೆ.

ಕೆಂಡದ ಅಗ್ಗಿಷ್ಟಿಕೆಯನ್ನು ಮಾತ್ರ ಮುಚ್ಚಿದ ಶೆಡ್ಡಿಗೆ ತರಬೇಡಿ. ನಾನು ಒಮ್ಮೆ ತಂದಿದ್ದೆ. ಹೊಗೆ ಇರಲಿಲ್ಲ, ಬರೀ ಇದ್ದಿಲ ಕೆಂಡ, ಏನಾಗುತ್ತೆ ಅಂದುಕೊಂಡೆ. ಅರ್ಧ ಗಂಟೆಗೆ ನನಗೇ ತಲೆ ಸುತ್ತಲು ಶುರುವಾಯಿತು. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊಟ್ಟೆಯೊಳಗೆ ಇನ್ನೂ ಇರುವ ಮರಿಗಳನ್ನೂ ಅದು ಕೊಲ್ಲುತ್ತದೆ.

ಬೇಸಿಗೆ, ಆಷಾಢ

ಮಾರ್ಚಿನಿಂದ ಮೇ ತನಕ ಹಗಲು ನಮ್ಮ ಚಿಂತೆ ತಾಯಿಯದು. ಈಯುವ ಹಂದಿ ಬಿಸಿಗೆ ತೇಕುತ್ತಿದ್ದರೆ ಹೆರಿಗೆ ಎಳೆಯುತ್ತದೆ, ಕೊನೇ ಮರಿಗಳು ಸತ್ತೇ ಹುಟ್ಟುವುದು ಜಾಸ್ತಿಯಾಗುತ್ತದೆ. ತಗಡಿನ ಮೇಲೆ ಅಡಿಕೆ ಸೋಗೆ ಹೊದಿಸಿ. ತಾಯಿಯ ಕುತ್ತಿಗೆ ಮೇಲೆ ಮಾತ್ರ ಹನಿ ನೀರು ಬೀಳುವ ಹಾಗೆ ಸಣ್ಣ ಪೈಪು ಕಟ್ಟಿ. ಆ ನೀರು ಮರಿ ಕಡೆಗೆ ಹರಿಯಬಾರದು.

ಒಂದು ಏಪ್ರಿಲ್‌ನಲ್ಲಿ ತಾಯಿಗೆ ಸೆಕೆ ಅಂತ ನೆಲದ ಮೇಲೆ ಫ್ಯಾನ್ ಇಟ್ಟು ರಾತ್ರಿಯೆಲ್ಲ ಬಿಟ್ಟಿದ್ದೆವು. ಬಲ್ಬ್ ಹಾಕಿರಲಿಲ್ಲ. ಬೆಳಗಿನ ಜಾವ ಈದ ಎಂಟರಲ್ಲಿ ಮೂರು ಹೋದವು. ಸುಡು ಬೇಸಿಗೆಯಲ್ಲಿ ಚಳಿಗೆ ಸತ್ತವು ಅಂದರೆ ಯಾರೂ ನಂಬಲಿಲ್ಲ. ಒದ್ದೆ ಮೈಗೆ ನೇರ ಗಾಳಿ ಹೊಡೆದಿತ್ತು. ಫ್ಯಾನ್ ಹಾಕುವುದಾದರೆ ತಾಯಿಯ ತಲೆ ಎತ್ತರಕ್ಕೆ ಹಾಕಿ, ಮರಿ ಇರುವ ಕಡೆ ನೆಲದಿಂದ ಎರಡು ಅಡಿ ಗೋಡೆಯೋ ತಗಡೋ ಅಡ್ಡ ಇರಲಿ.

ನಮ್ಮ ಕಡೆ ಆಷಾಢದ ಗಾಳಿ ಗೊತ್ತಲ್ಲ, ಗುಡ್ಡದ ಮೇಲಿನ ಗಾಳಿಯಂತ್ರಗಳು ಹಗಲು ರಾತ್ರಿ ತಿರುಗುವ ಕಾಲ. ಡಿಗ್ರಿ ಲೆಕ್ಕದಲ್ಲಿ ಅಷ್ಟೇನೂ ಚಳಿ ಇರಲ್ಲ. ಆದರೆ ತುಂತುರು, ಗಾಳಿ, ಒಣಗದ ಹುಲ್ಲು, ಮೂರೂ ಸೇರುತ್ತವೆ. ಆಷಾಢಕ್ಕೆ ಬೇಕಾದ ಹುಲ್ಲನ್ನು ನಾನು ಮೇ ತಿಂಗಳಲ್ಲೇ ಅಟ್ಟಕ್ಕೆ ಏರಿಸಿಡುತ್ತೇನೆ. ಪಡುವಣ ದಿಕ್ಕಿಗೆ ಗೊಬ್ಬರದ ಚೀಲ ಹೊಲಿದು ಮಾಡಿದ ಪರದೆ, ಕೆಳಗಿನ ಮೂರು ಅಡಿ ಮುಚ್ಚುವಷ್ಟು. ಮೇಲೆ ಪೂರ್ತಿ ಮುಚ್ಚಿದರೆ ಉಚ್ಚೆಯ ಘಾಟು ಒಳಗೇ ನಿಂತು ಮರಿಗೆ ಕೆಮ್ಮು ಹಿಡಿಯುತ್ತದೆ.

ಆಮೇಲಿನ ದಿನಗಳು

ಪೆಟ್ಟಿಗೆ ಇದೆ ಅಂತ ಮರಿಗೆ ಗೊತ್ತಾಗಬೇಕಲ್ಲ. ಮೊದಲ ಮೂರು ದಿನ ತಾಯಿ ಮೇವಿಗೆ ಎದ್ದಾಗಲೆಲ್ಲ ಮರಿಗಳನ್ನು ಎತ್ತಿ ಪೆಟ್ಟಿಗೆಗೆ ಹಾಕಿ ಅರ್ಧ ಗಂಟೆ ಕಿಂಡಿ ಮುಚ್ಚಿ. ತಾಯಿ ಏಳುವ, ಕೂರುವ ಹೊತ್ತೇ ಮರಿಗೆ ಅಪಾಯದ ಹೊತ್ತು. ನಾಲ್ಕನೇ ದಿನಕ್ಕೆ ಹಾಲು ಕುಡಿದು ತಾವೇ ಸಾಲಾಗಿ ಹೋಗಿ ಮಲಗುತ್ತವೆ.

ಬಿಸಿ ಸರಿಯಿದೆಯಾ ಅಂತ ತಿಳಿಯಲು ಮುಚ್ಚಳ ಎತ್ತಿ ಮಲಗಿರುವ ರೀತಿ ನೋಡಿ. ಒಂದರ ಮೇಲೊಂದು ಗುಡ್ಡೆಯಾಗಿ ಬಿದ್ದಿದ್ದರೆ ಚಳಿ. ಬಲ್ಬಿನಿಂದ ದೂರ, ಗೋಡೆಗೆ ಹತ್ತಿಕೊಂಡು ತೇಕುತ್ತಿದ್ದರೆ ಬಿಸಿ ಜಾಸ್ತಿ, ಹೀಗೇ ಬಿಟ್ಟರೆ ಪೆಟ್ಟಿಗೆ ಬಿಟ್ಟು ಮತ್ತೆ ತಾಯಿ ಪಕ್ಕ ಹೋಗಿ ಮಲಗುತ್ತವೆ. ಮಗ್ಗುಲಾಗಿ ಕಾಲು ಚಾಚಿ ಒಂದರ ಪಕ್ಕ ಒಂದು ಮಲಗಿದ್ದರೆ ಹದ ಸರಿಯಾಗಿದೆ. ಅದನ್ನು ನೋಡುತ್ತಾ ಹತ್ತು ನಿಮಿಷ ಅಲ್ಲೇ ಕೂತುಬಿಡುತ್ತೇನೆ ಎಷ್ಟೋ ಸಲ.

ಹುಟ್ಟಿದ ದಿನ 34, ಮೂರನೇ ದಿನದ ಹೊತ್ತಿಗೆ 32. ವಾರದ ಕೊನೆಗೆ 30. ಆಮೇಲೆ ವಾರಕ್ಕೆ ಎರಡು ಡಿಗ್ರಿ ಇಳಿಸುತ್ತಾ ಬನ್ನಿ. ಸರಪಳಿಯನ್ನು ವಾರಕ್ಕೆ ಎರಡು ಕೊಂಡಿ ಮೇಲೆ ಹಾಕಿದರೆ ನಮ್ಮ ಶೆಡ್ಡಿನಲ್ಲಿ ಹೆಚ್ಚೂ ಕಡಿಮೆ ಅಷ್ಟೇ ಇಳಿಯುತ್ತದೆ. ನಿಮ್ಮಲ್ಲಿ ಅಳೆದು ನೋಡಿ. ಮೂರನೇ ದಿನದ ಆಸುಪಾಸು ಕಬ್ಬಿಣಾಂಶದ ಇಂಜೆಕ್ಷನ್ ಹಾಕಿಸುವುದನ್ನು ಮರೆಯಬೇಡಿ, ಅದು ಬೇರೆ ವಿಷಯ, ಆದರೂ ರಕ್ತ ಕಡಿಮೆ ಇರುವ ಮರಿ ಚಳಿಯನ್ನೂ ತಡೆಯಲ್ಲ. ನಾಲ್ಕನೇ ವಾರಕ್ಕೆ ಹಗಲು ಹೊತ್ತು ಬಲ್ಬ್ ಆರಿಸಬಹುದು. ಚಳಿಗಾಲವಾದರೆ ರಾತ್ರಿ ಇನ್ನೊಂದು ವಾರ ಇರಲಿ.

ಬಲ್ಬ್ ಇಳಿಸಿದ ಮೇಲೆ ಬಟ್ಟೆ ಸುತ್ತಿ ಡಬ್ಬಿಯಲ್ಲಿಡಿ. ಪೆಟ್ಟಿಗೆಯ ಗೋಣಿ ಕಿತ್ತು ಸುಡಿ, ದಬ್ಬೆಗೆ ಸುಣ್ಣ ಬಳಿದು ಬಿಸಿಲಿಗೆ ನಿಲ್ಲಿಸಿ. ವೈರನ್ನು ಉದ್ದಕ್ಕೂ ಕೈಯಲ್ಲಿ ಸವರಿ ನೋಡಿ, ಅಟ್ಟದ ಮೇಲೆ ಇಲಿ ಎಲ್ಲಾದರೂ ಕಡಿದಿರುತ್ತದೆ.